18 ಹುಡುಗರು, 11 ಬರ್ತ್

ದಕ್ಷಿಣ ಕೊಡಗಿನ ಒಂದು ಕಾಲೇಜಿನಲ್ಲಿ ನಾನು ಪಿ.ಇ. ಮೇಷ್ಟ್ರು. ಹಾಕಿ ತಂಡವನ್ನು ಪರ ಊರಿಗೆ ಕರೆದುಕೊಂಡು ಹೋಗುವವನೂ ನಾನೇ. ಕೊಡಗಿಗೆ ರೈಲಿಲ್ಲ. ಎಲ್ಲಿಗೇ ಹೊರಟರೂ ಮೊದಲು ಗೋಣಿಕೊಪ್ಪದಿಂದ ಹುಣಸೂರು ಮೇಲೆ ಮೈಸೂರಿಗೆ, ಸುಮಾರು 90 ಕಿಲೋಮೀಟರ್ ಬಸ್ಸು. ಗೋಲ್‌ಕೀಪರ್ ಬ್ಯಾಗ್ ಕಂಡ ಕೂಡಲೇ ಕಂಡಕ್ಟರ್ "ಇದನ್ನೆಲ್ಲಿ ಇಡ್ತೀರಿ ಸಾರ್?" ಅನ್ನುತ್ತಾರೆ. ಪ್ಯಾಡು, ಕಿಕ್ಕರು, ಹೆಲ್ಮೆಟ್ಟು ಸೇರಿದರೆ ಅದಕ್ಕೆ ಒಬ್ಬ ಹುಡುಗನಷ್ಟೇ ಜಾಗ ಬೇಕು. ಹಾಗಾಗಿ ಹಿಂದಿನ ಸೀಟಿನ ಪಕ್ಕಕ್ಕೆ ಮೊದಲು ಹತ್ತುವುದೇ ಆ ಬ್ಯಾಗು, ಆಮೇಲೆ ನಾವು.

ನಾನು ಜಾಸ್ತಿ ಕಲಿತದ್ದು ಕೋವಿಲ್‌ಪಟ್ಟಿಯ ಪ್ರಯಾಣದಲ್ಲಿ. ತಮಿಳುನಾಡಿನ ಆ ಊರಿಗೆ ನಮ್ಮ ಹಾಗೇ ಹಾಕಿ ಹುಚ್ಚು. ಸಂಜೆ ಮೈಸೂರಿನಲ್ಲಿ ತೂತ್ತುಕುಡಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಮದುರೆ ದಾಟಿ ಅಲ್ಲಿ ಇಳಿಯಬಹುದು. 18 ಹುಡುಗರು, ಜೊತೆಗೆ ನಾನು. ಒಂದು ಟಿಕೆಟ್‌ನಲ್ಲಿ ಆರು ಜನಕ್ಕಷ್ಟೇ ಅವಕಾಶ, ಹಾಗಾಗಿ ನಾಲ್ಕು ಟಿಕೆಟ್. 11 ಬರ್ತ್ ಖಾತ್ರಿಯಾಯಿತು, ಉಳಿದ ಎಂಟು ಮಂದಿಗೆ ಆರ್‌ಎಸಿ. ಅಂದರೆ ಪಕ್ಕದ ಕೆಳಗಿನ ಒಂದೊಂದು ಬರ್ತ್‌ನಲ್ಲಿ ಇಬ್ಬಿಬ್ಬರು ಕೂರಬೇಕು.

ನಾನು ಯೋಚನೆಯನ್ನೇ ಮಾಡಲಿಲ್ಲ. ಆಡುವ 11 ಮಂದಿ ಮಲಗಲಿ, ಬದಲಿ ಆಟಗಾರರು ನನ್ನ ಜೊತೆ ಕೂತಿರಲಿ ಅಂದೆ. ಯಾರೂ ಎದುರು ಮಾತಾಡಲಿಲ್ಲ. ನನ್ನ ಎದುರಿಗೆ ಕೂತ ಹುಡುಗ ಸ್ಟಿಕ್ಕಿಗೆ ಗಲ್ಲ ಆನಿಸಿಕೊಂಡು ಕಿಟಕಿ ಆಚೆ ನೋಡುತ್ತಿದ್ದ. ಸೇಲಂ ದಾಟಿದ ಮೇಲೂ ಅವನ ಕಣ್ಣು ತೆರೆದೇ ಇತ್ತು.

ಹಾಕಿಯಲ್ಲಿ ಬದಲಿ ಆಟಗಾರ ಸುಮ್ನೆ ಬೆಂಚಿನಲ್ಲಿ ಕೂರುವವನಲ್ಲ. ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಬದಲಾಯಿಸಬಹುದು. ಬಿಸಿಲಿನಲ್ಲಿ ಐದಾರು ನಿಮಿಷಕ್ಕೊಮ್ಮೆ ಫಾರ್ವರ್ಡ್‌ಗಳನ್ನು ಬದಲಾಯಿಸಲೇಬೇಕು. ಇದು ನನಗೆ ಗೊತ್ತಿರದ ವಿಷಯವೇನಲ್ಲ. ಆದರೂ ಆ ರಾತ್ರಿ ನೆನಪಾಗಲಿಲ್ಲ. ಮರುದಿನ ಬೆಳಿಗ್ಗೆ ಕೊನೆಯ ಕ್ವಾರ್ಟರ್‌ನಲ್ಲಿ ಅದೇ ಹುಡುಗನನ್ನು ಆಟಕ್ಕೆ ಇಳಿಸಿದೆ. ಎದುರಾಳಿಗೆ ಸಿಕ್ಕ ಪೆನಾಲ್ಟಿ ಕಾರ್ನರ್ ಹೊಡೆತ ತಡೆಯಲು ಗೋಲಿನಿಂದ ಮೊದಲು ಓಡಿ ಬರಬೇಕಾದವನು ಒಂದು ಹೆಜ್ಜೆ ತಡವಾದ. ಗೋಲ್ ಆಯಿತು. "ಸಾರಿ ಸಾರ್" ಅಂದ. ತಪ್ಪು ಅವನದಲ್ಲ, ನನ್ನದು.

ಈಗ ನಾವು ರಾತ್ರಿಯನ್ನು ಎರಡು ಪಾಲು ಮಾಡುತ್ತೇವೆ. ಒಂದು ಗಂಟೆಯವರೆಗೆ ಕೆಲವರು, ಆಮೇಲೆ ಉಳಿದವರು. ಗೋಲ್‌ಕೀಪರ್‌ನನ್ನು ಮಾತ್ರ ಎಬ್ಬಿಸುವುದಿಲ್ಲ, ಅವನಿಗೆ ಬದಲಿಯಾಗಿ ಇರುವವನು ಒಬ್ಬನೇ. ಹೊರಡುವ ಮೊದಲೇ ಈ ಪಟ್ಟಿಯನ್ನು ಕ್ಯಾಪ್ಟನ್ ಬರೆಯುತ್ತಾನೆ, ನಾನಲ್ಲ. ಅವನು ಬರೆದರೆ ಹುಡುಗರು ಒಪ್ಪುತ್ತಾರೆ.

ಊಟದ ವಿಷಯದಲ್ಲಿ ನಾನು ಬಿಗಿ. ಅಮ್ಮಂದಿರು ಕಟ್ಟಿಕೊಟ್ಟ ಅಕ್ಕಿ ರೊಟ್ಟಿ, ಹಂದಿ ಉಪ್ಪಿನಕಾಯಿ ಮೊದಲ ರಾತ್ರಿಗೇ ಮುಗಿಯುತ್ತದೆ. ಆಮೇಲೆ ಇಡ್ಲಿ, ಮೊಸರನ್ನ, ಬಾಳೆಹಣ್ಣು. ಬಿರಿಯಾನಿ ಕೊನೆಯ ಪಂದ್ಯ ಮುಗಿದ ಮೇಲೆ. ನೀರಿಗೆ ಉಪ್ಪು, ಸಕ್ಕರೆ, ನಿಂಬೆ. ನಮ್ಮ ಮಕ್ಕಳು ಮಂಜಿನಲ್ಲಿ ಬೆಳೆದವರು, ಬಾಯಾರಿಕೆ ಆಗುವವರೆಗೆ ಕುಡಿಯುವುದೇ ಇಲ್ಲ. ಹಾಗಾಗಿ ಬಾಟಲಿ ಕೈಗೆ ಕೊಟ್ಟು, ಎದುರಿಗೆ ನಿಂತೇ ಕುಡಿಸುತ್ತೇನೆ.

ಇನ್ನು ಕಾಲು. ಆಟಕ್ಕೆ ಮೊದಲು ಟರ್ಫ್‌ಗೆ, ಅಂದರೆ ಕೃತಕ ಹುಲ್ಲಿನ ಮೈದಾನಕ್ಕೆ, ನೀರು ಹಾಯಿಸುತ್ತಾರೆ. ಸಾಕ್ಸ್ ಒದ್ದೆಯಾಗುತ್ತದೆ, ಓಡಿದರೆ ಬೊಬ್ಬೆ ಏಳುತ್ತದೆ. ಮಣ್ಣಿನ ಗ್ರೌಂಡಿನಲ್ಲಿ ಪ್ರಾಕ್ಟೀಸ್ ಮಾಡಿದವರಿಗೆ ಇನ್ನೂ ಕಷ್ಟ. ಹಾಫ್ ಟೈಮಿಗೆ ಒಣ ಸಾಕ್ಸ್ ಹಾಕಿಸುತ್ತೇನೆ. ಸಂಜೆ ಉಳಿದುಕೊಂಡ ಕಟ್ಟಡದ ತಾರಸಿಯಲ್ಲಿ ಪ್ಯಾಡುಗಳನ್ನು ಗೋಡೆಗೆ ಒರಗಿಸುತ್ತೇವೆ. ಒಂದು ರಾತ್ರಿ ಬ್ಯಾಗಿನಲ್ಲೇ ಬಿಟ್ಟರೆ ಬೆಳಿಗ್ಗೆ ಆ ವಾಸನೆಗೆ ಹತ್ತಿರ ಹೋಗಲು ಆಗುವುದಿಲ್ಲ.

ಆ ಸಲ ವಾಪಸ್ ಬರುವಾಗ ಹುಡುಗರು ಕೋವಿಲ್‌ಪಟ್ಟಿಯ ಕಡಲೆ ಮಿಠಾಯಿ ಕೊಂಡರು. 2020ರಲ್ಲಿ ಜಿಐ ಟ್ಯಾಗ್ ಸಿಕ್ಕ ಮಿಠಾಯಿ ಅದು. ರೈಲು ಹೊರಟ ಮೇಲೆ ಕ್ಯಾಪ್ಟನ್ ತನ್ನ ಬರ್ತ್ ಬಿಟ್ಟು ಬಂದು, ಆ ಹುಡುಗನ ಹೆಗಲು ತಟ್ಟಿ, "ಹೋಗಿ ಮಲಗೋ, ನಾನು ಸಾರ್ ಜೊತೆ ಕೂರ್ತೀನಿ" ಅಂದ. ಅವನು ಮಲಗಿದವನು ಮೈಸೂರು ಬರುವವರೆಗೆ ಏಳಲಿಲ್ಲ.