ನಾಯಿ ಇದೆ ಅಂತ ಮೊದಲೇ ಹೇಳಿಬಿಡಿ
ಹಾಸನದಲ್ಲಿ ನಾಯಿ ಇಟ್ಟುಕೊಂಡು ಬಾಡಿಗೆ ಮನೆ ಹುಡುಕುವವರಿಗೆ ಒಂದು ಮಾತು. ಮುಚ್ಚಿಡಬೇಡಿ. ಹಿಂದೆ ನಾವು ಹಾಗೆ ಮಾಡಿ, ಮೂರನೇ ದಿನಕ್ಕೇ ಓನರ್ ಆಂಟಿ ಮೆಟ್ಟಿಲ ಮೇಲೆ ಕೂದಲು ನೋಡಿ, ತಿಂಗಳೊಳಗೆ ಖಾಲಿ ಮಾಡಿಸಿದರು. ತಪ್ಪು ನಮ್ದೇ ಬಿಡಿ. ಈ ಸಲ ಫೋನಿನಲ್ಲೇ ಹೇಳಿದೆ.

ಮನೆ ನೋಡಲು ಹೋಗುವಾಗ ಲಸಿಕೆ ಪುಸ್ತಕ ಕೈಯಲ್ಲಿರಲಿ. ರೇಬೀಸ್ ಚುಚ್ಚುಮದ್ದು ವರ್ಷ ವರ್ಷ ಹಾಕಿಸಿದ ದಿನಾಂಕ ನೋಡಿದರೆ ಅರ್ಧ ಭಯ ಹೋಗುತ್ತೆ. 11 ತಿಂಗಳ ಕರಾರು ಪತ್ರದಲ್ಲಿ 'ಒಂದು ನಾಯಿ ಇರುತ್ತದೆ' ಅಂತ ಬರೆಸಿ, ಬಾಯಿಮಾತು ಸಾಲದು. ಖಾಲಿ ಮಾಡುವಾಗ ಅಡ್ವಾನ್ಸಿನಲ್ಲಿ ಪೇಂಟ್ ದುಡ್ಡು ಹಿಡಿಯೋದು ಇದ್ದೇ ಇದೆ, ನಾಯಿ ಇದ್ದರೆ ಇನ್ನೂ ಜಾಸ್ತಿ ಅಲ್ವಾ, ಅದಕ್ಕೇ ಕೀ ಸಿಕ್ಕ ದಿನವೇ ಬಾಗಿಲಿನ ಹಳೇ ಗೀರು, ಹರಿದ ಸೊಳ್ಳೆ ಪರದೆ ಎಲ್ಲದರ ಫೋಟೊ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿಡಿ.