ಬೆಳಗಿನ ಸ್ಲಾಟ್ ಸಿಗದ ರೂಟ್

ಮುಂಬೈಯಿಂದ ಸಣ್ಣ ಊರುಗಳಿಗೆ ಎಟಿಆರ್ ಎಂಬ ಸಣ್ಣ ಪ್ರೊಪೆಲರ್ ವಿಮಾನ ಓಡಿಸುವ ಕಂಪನಿಯೊಂದರಲ್ಲಿ ಕೆಲವು ವರ್ಷ ರೂಟ್ ಪ್ಲಾನಿಂಗ್ ನೋಡಿಕೊಂಡೆ. ಯಾವ ಊರಿಗೆ, ವಾರಕ್ಕೆ ಎಷ್ಟು ದಿನ, ಎಷ್ಟು ಗಂಟೆಗೆ, ಎಷ್ಟು ದರಕ್ಕೆ ಅಂತ ಕೂಡಿ ಕಳೆಯುವ ಕೆಲಸ. ಉತ್ತರ ಕರ್ನಾಟಕದ ಒಂದು ಊರಿನ ರೂಟ್ ನನ್ನ ಪಾಲಿಗೆ ಬಂದಿತ್ತು. ಊರಿನ ಹೆಸರು, ಕಂಪನಿಯ ಹೆಸರು ಎರಡೂ ಇಲ್ಲಿ ಬೇಡ. ‘ಜನ ಇದ್ದಾರಲ್ರೀ, ಮತ್ಯಾಕೆ ವಿಮಾನ ನಿಲ್ಲಿಸ್ತಾರೆ?’ ಅಂತ ಮುಂಬೈಯ ಕನ್ನಡ ಬಳಗದಲ್ಲಿ ಯಾರಾದರೂ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದು.

ಜನ ಖಂಡಿತ ಇದ್ದರು. ಆಫೀಸಿನ ವರದಿ ನಂಬಿ ಕೂರದೆ, ರಾತ್ರಿ ಸಾಯನ್‌ನಲ್ಲಿ ಕರ್ನಾಟಕದ ಸ್ಲೀಪರ್ ಬಸ್ಸುಗಳು ಹತ್ತಿಸಿಕೊಳ್ಳುವ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದೆ. ಯಾರು ಹೋಗುತ್ತಾರೆ, ಯಾಕೆ, ಟಿಕೆಟ್‌ಗೆ ಎಷ್ಟು ಕೊಟ್ಟರು ಅಂತ ಕೇಳುತ್ತಿದ್ದೆ. ಪರೇಲ್‌ನ ಟಾಟಾ ಆಸ್ಪತ್ರೆಗೆ ಬಂದು ಹೋಗುವ ಕುಟುಂಬಗಳು, ವಾಶಿ ಎಪಿಎಂಸಿಯ ವ್ಯಾಪಾರಿಗಳು, ಫೌಂಡ್ರಿ ಮಾಲೀಕರು, ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿದ್ದು ಊರಿಗೆ ಹೊರಟ ಅಪ್ಪ ಅಮ್ಮಂದಿರು. ಇದರಲ್ಲಿ ವಿಮಾನದ ದರ ಕೊಡಬಲ್ಲವರೂ ಸಾಕಷ್ಟು ಮಂದಿ ಇದ್ದರು. ಆದರೆ ಒಬ್ಬ ವ್ಯಾಪಾರಿ ಹೇಳಿದ್ದು ಎಲ್ಲ ವರದಿಗಿಂತ ಜಾಸ್ತಿ ಉಪಯೋಗಕ್ಕೆ ಬಂತು: ‘ಸರ, ರಾತ್ರಿ ಬಸ್ ಹತ್ತಿ ಮಲಗಿದ್ರ ಮುಂಜಾನೆ ಮನಿ ಮುಟ್ಟತೀನಿ. ನೀವು ನಡು ಮಧ್ಯಾಹ್ನ ಒಯ್ದು ಇಳಿಸಿದ್ರ ನನ್ನ ದಿನಾನ ಹೋತಲ್ರೀ.’

ವ್ಯಾಪಾರಿಗೆ ಬೇಕಾದ್ದು ಬೆಳಿಗ್ಗೆ ಹೋಗಿ ಸಂಜೆ ಬರುವ ವಿಮಾನ. ಟಿಕೆಟ್‌ಗೆ ಜಾಸ್ತಿ ಕೊಡುವವನೂ ಅವನೇ. ಆದರೆ ಏರಲು, ಇಳಿಯಲು ಏರ್‌ಪೋರ್ಟಿನವರು ಗೊತ್ತುಮಾಡಿ ಕೊಡುವ ಹೊತ್ತು, ಅಂದರೆ ಸ್ಲಾಟ್, ನಮಗೆ ಸಿಕ್ಕಿದ್ದು ಮಧ್ಯಾಹ್ನದ್ದು. ಮುಂಬೈಯಲ್ಲಿ ರನ್‌ವೇ ಎರಡಿದ್ದರೂ ಒಂದನ್ನೊಂದು ಅಡ್ಡ ಹಾಯುತ್ತವೆ. ಹಾಗಾಗಿ ಒಂದು ಹೊತ್ತಿಗೆ ಒಂದೇ ಬಳಕೆ. ಅದೇ ಒಂದರ ಮೇಲೆ 2018ರ ಡಿಸೆಂಬರ್‌ನಲ್ಲಿ ಒಂದೇ ದಿನ 1,007 ವಿಮಾನಗಳು ಏರಿ ಇಳಿದಿದ್ದವು. ಅಂಥ ಕಡೆ ಬೆಳಿಗ್ಗೆ ಏಳರ ಸ್ಲಾಟ್ ಅಂದರೆ ಬಂಗಾರ. ಅದನ್ನು 180 ಜನರ ಏರ್‌ಬಸ್‌ಗೆ ಕೊಡುತ್ತಾರೋ, 70 ಜನರ ಎಟಿಆರ್‌ಗೋ? ಮೇಲಾಗಿ ಎಟಿಆರ್ ನಿಧಾನ. ಇಳಿಯುವಾಗ ಹಿಂದಿನ ಜೆಟ್‌ಗಳನ್ನೂ ಕಾಯಿಸುತ್ತದೆ. ಏರ್‌ಪೋರ್ಟಿನವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಹಾಗಾದರೆ ಪುಣೆಯಿಂದ ಮಾಡಿ, ಗೋವಾದಿಂದ ಮಾಡಿ ಅಂತ ಮೇಲಿನವರು ಹೇಳುತ್ತಿದ್ದರು. ಪುಣೆಯ ಲೋಹಗಾಂವ್ ಏರ್‌ಪೋರ್ಟ್ ವಾಯುಪಡೆಯದ್ದು, ಗೋವಾದ ದಾಬೋಲಿಂ ನೌಕಾಪಡೆಯದ್ದು. ದಾಬೋಲಿಂನಲ್ಲಿ ವಾರದ ದಿನಗಳ ಬೆಳಗಿನ ಹೊತ್ತು ನೌಕಾಪಡೆಯ ತರಬೇತಿಗೇ ಮೀಸಲು. ನಮಗೆ ಬೇಕಾಗಿದ್ದದ್ದೂ ಅದೇ ಹೊತ್ತು!

ಮಧ್ಯಾಹ್ನದ ಸ್ಲಾಟ್‌ಗೆ ಇನ್ನೊಂದು ಕಾಟ ಇತ್ತು. ಆ ಕಡೆಯ ಏರ್‌ಪೋರ್ಟಿನಲ್ಲಿ ರಾತ್ರಿ ಇಳಿಯುವ ವ್ಯವಸ್ಥೆ ಇರಲಿಲ್ಲ. ಸಿಬ್ಬಂದಿಯೂ ದಿನಕ್ಕೆ ಕೆಲವೇ ಗಂಟೆ. ಮುಂಬೈಯಲ್ಲಿ ಮಳೆ ಬಂದು ವಿಮಾನಗಳು ಸಾಲುಗಟ್ಟಿದರೆ ನಮ್ಮದು ತಡ, ತಡವಾದರೆ ಅಲ್ಲಿ ಸೂರ್ಯಾಸ್ತ, ಅಲ್ಲಿಗೆ ಫ್ಲೈಟ್ ರದ್ದು. ದೊಡ್ಡ ರೂಟ್‌ನಲ್ಲಿ ಒಂದು ರದ್ದಾದರೆ ಮುಂದಿನದಕ್ಕೆ ಹತ್ತಿಸಬಹುದು. ಇಲ್ಲಿ ಮುಂದಿನದು ನಾಳೆ, ಅಥವಾ ನಾಡಿದ್ದು. ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ತಪ್ಪಿದವರು ಮತ್ತೆ ನಮ್ಮ ಕಡೆ ತಿರುಗಿ ನೋಡುವುದಿಲ್ಲ. ಒಂದು ಮಳೆಗಾಲ ಹೀಗೆ ಕಳೆದರೆ ಸಾಕು, ಏಜೆಂಟರೇ ಗಿರಾಕಿಗೆ ‘ಸುಮ್ನೆ ಬಸ್ಸಿಗೆ ಹೋಗಿ’ ಅನ್ನತೊಡಗುತ್ತಾರೆ. ನನ್ನ ಲೆಕ್ಕದಲ್ಲಿ ಸಣ್ಣ ರೂಟ್ ಕೆಡುವುದು ಹೆಚ್ಚಾಗಿ ಇಲ್ಲೇ.

ಇನ್ನು ದುಡ್ಡು. ಸಣ್ಣ ಊರುಗಳಿಗೆ ವಿಮಾನ ತರಲು ಕೇಂದ್ರ ಸರ್ಕಾರ 2016ರಲ್ಲಿ ತಂದ ಉಡಾನ್ ಯೋಜನೆಯಲ್ಲಿ ಸುಮಾರು ಒಂದು ಗಂಟೆಯ ಹಾರಾಟಕ್ಕೆ ₹2,500 ದರ ಕಟ್ಟಿದ್ದರು. ವಿಮಾನದ ಅರ್ಧ ಸೀಟು ಆ ದರಕ್ಕೆ. ಕೊರತೆಯನ್ನು ಸರ್ಕಾರ ತುಂಬುತ್ತದೆ, ರೂಟ್ ಮೂರು ವರ್ಷ ನಮ್ಮೊಬ್ಬರದೇ. ಸಣ್ಣ ಏರ್‌ಪೋರ್ಟಿನಲ್ಲಿ ತುಂಬುವ ಇಂಧನದ ಮೇಲೆ ರಾಜ್ಯದ ತೆರಿಗೆ ಶೇ. 1ಕ್ಕೆ ಇಳಿಯುತ್ತದೆ, ಅಲ್ಲಿ ಲ್ಯಾಂಡಿಂಗ್ ಶುಲ್ಕವೂ ಇಲ್ಲ. ಕಾಗದದ ಮೇಲೆ ಚೆನ್ನಾಗಿದೆ ಅಲ್ವಾ? ಆದರೆ 70 ಸೀಟಿನ ವಿಮಾನಕ್ಕೂ ಇಬ್ಬರು ಪೈಲಟ್ ಬೇಕು, 180 ಸೀಟಿನದಕ್ಕೂ ಇಬ್ಬರೇ. ವಿಮಾನದ ಬಾಡಿಗೆ ಡಾಲರ್‌ನಲ್ಲಿ. ಒಂದು ಎಂಜಿನ್ ಬಿಡಿಭಾಗಕ್ಕೆ ಕಾಯುತ್ತಾ ವಿಮಾನ ನಿಂತಿದ್ದರೂ ಬಾಡಿಗೆ ನಿಲ್ಲುವುದಿಲ್ಲ. ಕಟ್ಟಿದ ದರದ ಸೀಟುಗಳು ಮೊದಲು ಖಾಲಿಯಾಗುತ್ತವೆ. ಉಳಿದರ್ಧವನ್ನು ಕೊನೆಯ ಹೊತ್ತಿಗೆ ಬರುವ ವ್ಯಾಪಾರಿಗೆ ದುಬಾರಿಗೆ ಮಾರಬೇಕು. ಮಧ್ಯಾಹ್ನದ ಫ್ಲೈಟಿಗೆ ಅವನು ಬರುವುದೇ ಇಲ್ಲ.

ಗಣೇಶ ಚೌತಿ, ದೀಪಾವಳಿಗೆ ಫ್ಲೈಟ್ ಫುಲ್ ಅಂತ ಎಲ್ಲರೂ ಖುಷಿಪಡುತ್ತಾರೆ. ಅದು ಒಂದೇ ಕಡೆ. ಹಬ್ಬಕ್ಕೆ ಮುಂಚೆ ಊರಿಗೆ ಹೋಗುವಾಗ ತುಂಬಿದ ವಿಮಾನ ವಾಪಸ್ ಬರುವಾಗ ಖಾಲಿ. ಹೋಗಿ ಬರುವ ಎರಡೂ ಸೇರಿಸಿ ನೋಡಿದರೆ ಸಾಧಾರಣ ವಾರದಷ್ಟೇ.

ನಮ್ಮೊಬ್ಬರ ಕಥೆ ಅಲ್ಲ ಇದು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2023ರ ವರದಿ ನೋಡಿ. ಉಡಾನ್‌ನ ಮೂರನೇ ಹಂತದವರೆಗೆ ಹಂಚಿದ್ದು 774 ರೂಟ್. ಅದರಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಆಮೇಲೂ ಉಳಿದದ್ದು 54. ಸಿಂಧುದುರ್ಗದ ಚಿಪಿ ಏರ್‌ಪೋರ್ಟ್ 2021ರ ಅಕ್ಟೋಬರ್‌ನಲ್ಲಿ ಮುಂಬೈ ಫ್ಲೈಟಿನೊಂದಿಗೆ ತೆರೆಯಿತು. ಮೂರು ವರ್ಷದ ಗಡುವು ಮುಗಿದ ಮೇಲೆ ಆ ಫ್ಲೈಟ್ ನಿಂತಿತು. ಅಷ್ಟರಲ್ಲಿ ಗೋವಾದ ಮೋಪಾ ಏರ್‌ಪೋರ್ಟ್ ಕೂಡ ಶುರುವಾಗಿತ್ತು. ಹೆಚ್ಚು ಫ್ಲೈಟ್ ಇರುವ ಕಡೆಗೆ ಜನ ಕಾರಿನಲ್ಲೇ ಹೋಗುತ್ತಾರೆ.

ನನ್ನ ರೂಟ್‌ಗೆ ಒಂದಿಷ್ಟು ಜೀವ ಬಂದದ್ದು ಎರಡು ಬದಲಾವಣೆಯಿಂದ. ವಾರವಿಡೀ ಹಾರಿಸುವುದನ್ನು ಬಿಟ್ಟು ದಿನ ಕಡಿಮೆ ಮಾಡಿ, ಮೊದಲಿಗಿಂತ ಎರಡು ಗಂಟೆಯಷ್ಟು ಬೇಗ ಹೊರಡುವಂತೆ ಮಾಡಿದೆವು. ತಡವಾದರೂ ಬೆಳಕಿರುವಾಗ ಇಳಿಯಬಹುದಿತ್ತು. ಜೊತೆಗೆ ಫೌಂಡ್ರಿ ಮಾಲೀಕರ ಸಂಘದ ಜೊತೆ ಕೂತು, ಮುಂಗಡ ಕೊಟ್ಟರೆ ವರ್ಷವಿಡೀ ಒಂದೇ ದರ ಅಂತ ಸೀಟು ಮಾರಿದೆ. ಲಾಭ ಬರಲಿಲ್ಲ, ಆದರೆ ಸಹಾಯಧನ ನಿಂತ ಮೇಲೂ ಒಂದಷ್ಟು ದಿನ ಹಾರಿತು.

ಈಗ ನವಿ ಮುಂಬೈ ಏರ್‌ಪೋರ್ಟ್ ಬಂದಿದೆ. ವಾಶಿ, ಪನ್ವೇಲ್ ಕಡೆಯವರಿಗೆ ಹತ್ತಿರ. ಊರಿಗೆ ವಿಮಾನ ಬೇಕು ಅಂತ ಮನವಿ ಕೊಡಲು ಹೊರಟ ಸಂಘದವರು ನನ್ನನ್ನು ಕೇಳಿದರೆ, ಪತ್ರದಲ್ಲಿ ಎರಡೇ ವಿಷಯ ಬರೆಸುತ್ತೇನೆ: ಇಲ್ಲಿ ಬೆಳಿಗ್ಗೆ ಎಂಟರ ಒಳಗಿನ ಸ್ಲಾಟ್, ಅಲ್ಲಿ ರಾತ್ರಿ ಇಳಿಯಲು ದೀಪ ಮತ್ತು ಸಿಬ್ಬಂದಿ. ದರದ ಮಾತು ಆಮೇಲೆ ಆಡೋಣ.