‘ದಿ ಹು’ ಕಛೇರಿಯಲ್ಲಿ ಸಿಕ್ಕ ಮೋರ್ಚಿಂಗಿನ ನೆಂಟ

ಕೆಲಸಕ್ಕೆ ಅಂತ ಬರ್ಲಿನ್‌ಗೆ ಬಂದವನು ನಾನು. ಬಿಡುವಾದಾಗ ಮೋರ್ಚಿಂಗ್ ನುಡಿಸುತ್ತೇನೆ, ಬಾಯಿಗೆ ಹಿಡಿದು ಮೀಟುವ ಪುಟ್ಟ ಲೋಹದ ವಾದ್ಯ ಅದು. ಮಂಗೋಲಿಯಾದ ‘ದಿ ಹು’ ತಂಡ ಇಲ್ಲಿಗೆ ಬರುತ್ತದೆ ಅಂತ ಗೊತ್ತಾದ ದಿನವೇ ಟಿಕೆಟ್ ತೆಗೆದುಕೊಂಡೆ. 2016ರಲ್ಲಿ ಉಲಾನ್‌ಬಾತರ್‌ನಲ್ಲಿ ಶುರುವಾದ ತಂಡ ಇದು. 2018ರಲ್ಲಿ ಯೂಟ್ಯೂಬ್‌ಗೆ ಹಾಕಿದ ಎರಡು ವಿಡಿಯೋಗಳಿಂದ ಹೊರಗಿನವರಿಗೂ ಪರಿಚಯವಾಯಿತು. ನನ್ನನ್ನು ಎಳೆದದ್ದು ಮಾತ್ರ ಬೇರೆ. ಅವರ ರಾಕ್ ಸಂಗೀತದಲ್ಲಿ ಮೋರ್ಚಿಂಗ್ ಇದೆ!

ಎರಡು ವಾರ ರಾತ್ರಿ ಹೊತ್ತು ಅವರ 2019ರ ಮೊದಲ ಆಲ್ಬಂ ‘ದಿ ಗೆರೆಗ್’ ಕೇಳಿದೆ. ಸುಮ್ನೆ ಕೇಳಲಿಲ್ಲ. ಒಂದು ಸಲ ಕಿವಿ ಬರೀ ಕಮಾನಿನಿಂದ ನುಡಿಸುವ ಮೊರಿನ್ ಖೂರ್ ಮೇಲೆ. ಇನ್ನೊಂದು ಸಲ ಮೀಟಿ ನುಡಿಸುವ ತಂತಿವಾದ್ಯ ತೊವ್‌ಶೂರ್ ಮೇಲೆ. ಆಮೇಲೆ ಗಂಟಲು, ಅಂದರೆ ಅವರ ಗಂಟಲ ಹಾಡುಗಾರಿಕೆ.

ಆದರೂ ಆ ದಿನ ತಪ್ಪು ಮಾಡಿದೆ. ಬೇಗ ಹೋಗಿ ವೇದಿಕೆಯ ಎದುರಿಗೇ, ದೊಡ್ಡ ಸ್ಪೀಕರ್ ಪಕ್ಕ ನಿಂತೆ. ಎಂಟು ಜನ ಒಟ್ಟಿಗೆ ಶುರು ಮಾಡಿದಾಗ ಡ್ರಮ್ಸ್ ಎದೆಗೆ ಗುದ್ದಿತು, ಉಳಿದದ್ದೆಲ್ಲ ಮುಳುಗಿಹೋಯಿತು. ಎರಡನೇ ಹಾಡಿಗೆ ಹಿಂದೆ ಸರಿದು, ಸೌಂಡ್ ಮಿಕ್ಸ್ ಮಾಡುವ ಮೇಜಿನ ಮುಂದೆ ನಿಂತೆ. ಅಲ್ಲಿ ಕೂತವರು ತಮ್ಮ ಕಿವಿಗೆ ಕೇಳಿದಂತೆ ತಾನೇ ಎಲ್ಲವನ್ನೂ ಹದ ಮಾಡುವುದು? ಕಿವಿಗೆ ಇಯರ್‌ಪ್ಲಗ್ ಕೂಡ ಹಾಕಿಕೊಂಡೆ. ಆಗ ಒಂದೊಂದೇ ವಾದ್ಯ ಬಿಡಿಬಿಡಿಯಾಗಿ ಕೇಳತೊಡಗಿತು.

ಮೊದಲು ಸಿಕ್ಕಿದ್ದು ಗಂಟಲು. ನಮ್ಮ ಧ್ವನಿತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆ ಇದೆ. ಅದನ್ನೂ ಅರ್ಧ ವೇಗದಲ್ಲಿ ಅದುರಿಸಿದರೆ ಒಂದು ಸ್ಥಾಯಿ ಕೆಳಗಿನ ಸ್ವರ ಬರುತ್ತದೆ. ಆ ಗುಡುಗಿನಂಥ ದನಿಗೆ ಅವರು ಖರ್ಖಿರಾ ಅನ್ನುತ್ತಾರೆ. ಖೂಮಿ ಅನ್ನುವ ಇನ್ನೊಂದು ಬಗೆಯಲ್ಲಾದರೆ ಗಂಟಲು ಶ್ರುತಿ ಹಿಡಿದಿರುತ್ತದೆ. ನಾಲಿಗೆ, ತುಟಿ ಆಡಿಸಿ ಅದರೊಳಗಿನ ಒಂದು ಮೇಲಿನ ಸ್ವರವನ್ನು ಸಿಳ್ಳೆಯಂತೆ ಹೊರಗೆ ತರುತ್ತಾರೆ. ತಂಬೂರಿ ಚೆನ್ನಾಗಿ ಶ್ರುತಿಯಾದಾಗ ಯಾರೂ ಮೀಟದ ಗಾಂಧಾರ ತಾನಾಗಿ ಕೇಳುತ್ತದಲ್ವಾ? ಆ ಜಾತಿಯದೇ ಇದು.

ಮೊರಿನ್ ಖೂರ್‌ಗೆ ಎರಡೇ ತಂತಿ, ತುದಿಯಲ್ಲಿ ಕೆತ್ತಿದ ಕುದುರೆ ತಲೆ. ಅಂಗೈ ಮೇಲೆ ಮಾಡಿ ಕಮಾನು ಹಿಡಿಯುತ್ತಾರೆ. ಎಡಗೈಯಲ್ಲಿ ತಂತಿಯನ್ನು ಪಿಟೀಲಿನಂತೆ ಪಟ್ಟಿಗೆ ಒತ್ತುವುದಿಲ್ಲ. ಉಗುರಿನ ಬುಡದಿಂದ ಪಕ್ಕದಲ್ಲಿ ತಾಗಿಸುತ್ತಾರೆ. ಪರದೆಯಲ್ಲಿ ಆ ಬೆರಳುಗಳನ್ನು ದೊಡ್ಡದಾಗಿ ತೋರಿಸಿದಾಗ ನಾನು ಹಾಡನ್ನೇ ಮರೆತು ನೋಡುತ್ತಿದ್ದೆ.

ಮೋರ್ಚಿಂಗ್ ಬಂದಾಗ ಜನ “ಹು! ಹು!” ಅಂತ ಕೂಗುತ್ತಿದ್ದರು. ನಾನು ಕೂಗಲಿಲ್ಲ. ಬಾಯಿಯ ಆಕಾರವನ್ನೇ ಗಮನಿಸಿದೆ. ನಮ್ಮದು ತಾಳದ ವಾದ್ಯ, ಮೃದಂಗದ ಸೊಲ್ಲುಗಳನ್ನು ಹಿಂಬಾಲಿಸುತ್ತೇವೆ. ಅವರು ವಾದ್ಯದ ನಾಲಗೆ ಮೀಟಿ, ಬಾಯಿಯೊಳಗಿನ ಜಾಗವನ್ನು ನಿಧಾನವಾಗಿ ಹಿಗ್ಗಿಸಿ ಕುಗ್ಗಿಸಿ ರಾಗವನ್ನೇ ಎಳೆಯುತ್ತಿದ್ದರು. ಇಷ್ಟು ವರ್ಷ ನುಡಿಸಿದರೂ ನಾನು ಆ ಕಡೆ ಹೋಗಿಯೇ ಇರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಕೋಟು ತೆಗೆದುಕೊಳ್ಳುವ ಸಾಲಿನಲ್ಲಿ ಒಬ್ಬ ಮಂಗೋಲಿಯನ್ ಅಜ್ಜ ಪಕ್ಕ ಸಿಕ್ಕರು. ಪೂರ್ವ ಜರ್ಮನಿ ಇದ್ದ ಕಾಲದಲ್ಲಿ ಓದಲು ಬಂದವರಂತೆ, ಜರ್ಮನ್ ನನಗಿಂತ ಚೆನ್ನಾಗಿತ್ತು. ಜೇಬಿನಿಂದ ನನ್ನ ಮೋರ್ಚಿಂಗ್ ತೆಗೆದು ತೋರಿಸಿದೆ. ಅವರು ಅದನ್ನು ತಿರುಗಿಸಿ ನೋಡಿ, ಹೆಬ್ಬೆರಳಿನಿಂದ ಚೌಕಟ್ಟು ಸವರಿ, “ತೊಮೊರ್ ಖೂರ್” ಅಂದರು. ತೊಮೊರ್ ಅಂದರೆ ಕಬ್ಬಿಣ. “ನಿಮ್ಮ ಊರಲ್ಲಿ ಏನಂತೀರಿ?” ಅಂತ ಕೇಳಿದರು. ಹೇಳಿದೆ. ಮೂರು ಸಲ ಪ್ರಯತ್ನಿಸಿ, ನಾಲ್ಕನೇ ಸಲ ಸರಿಯಾಗಿ “ಮೋರ್ಚಿಂಗ್” ಅಂದರು.